ಹಳದಿ ಗೆರೆ

ಹೊನ್ನೂರಪ್ಪ ಮುಚ್ಚಿದ ಡಬ್ಬಿಯನ್ನು ಆ ಮನೆಯಲ್ಲಿ ಇನ್ನೊಬ್ಬರು ತೆಗೆದದ್ದಿಲ್ಲ. ಉಪ್ಪಿನಕಾಯಿ ಬಾಟಲಿ ಇರಲಿ, ಎಣ್ಣೆ ಸೀಸೆ ಇರಲಿ, ಬಚ್ಚಲ ನಲ್ಲಿ ಇರಲಿ, ಅವನ ಕೈ ಒಮ್ಮೆ ತಿರುವಿತೆಂದರೆ ಬಿಚ್ಚಲು ಮತ್ತೆ ಅವನ ಕೈಯೇ ಬರಬೇಕು. ಸಂಡೂರಿನ ಗಣಿಯಲ್ಲಿ ಟಿಪ್ಪರ್ ಲಾರಿಗಳ ಫಿಟ್ಟರ್ ಆಗಿದ್ದಾಗ ಅವನು ಹದಿನೈದು ದಿನಕ್ಕೊಮ್ಮೆ ಕಡ್ಡಿರಾಂಪುರದ ಮನೆಗೆ ಬರುತ್ತಿದ್ದ. ಭಾನುವಾರ ಉಂಡು, ಉಪ್ಪಿನಕಾಯಿ ಬಾಟಲಿ ಮುಚ್ಚಿಟ್ಟು, ಸೋಮವಾರ ಬೆಳಗಿನ ಬಸ್ಸಿಗೆ ಹೋದನೆಂದರೆ ಆ ಬಾಟಲಿ ಅವನು ಮರಳಿ ಬರುವವರೆಗೆ ಗೂಡಿನಲ್ಲಿ ಹಾಗೇ ಕೂತಿರುತ್ತಿತ್ತು. ಹೆಂಡತಿ ಪಕೀರಮ್ಮ ಅದನ್ನು ಬಿಸಿನೀರಿಗೆ ಹಿಡಿದು, ಸೆರಗು ಸುತ್ತಿ ತಿರುವಿ, ಕಡೆಗೆ ಬೈದು ಅಲ್ಲೇ ಇಡುತ್ತಿದ್ದಳು. ಆ ಬೈಗುಳದಲ್ಲಿ ಸಿಟ್ಟು ಕಡಿಮೆ ಇರುತ್ತಿತ್ತು. ಮನೆಯಲ್ಲಿ ಗಂಡಸಿನ ಗುರುತು ಅಂತ ಆ ಹದಿನೈದು ದಿನ ಉಳಿಯುತ್ತಿದ್ದದ್ದು ಆ ಬಿಗಿ ಮುಚ್ಚಳವೊಂದೇ.

ಈಗ ಅವನು ಕೆಲಸ ಮುಗಿಸಿ ಕಾಯಂ ಮನೆಗೆ ಬಂದು ಒಂದು ಬೇಸಿಗೆ ಕಳೆದಿತ್ತು. ಬರುವಾಗ ಕಬ್ಬಿಣದ ಟ್ರಂಕೊಂದನ್ನು ತಂದಿದ್ದ. ಆಟೋದಿಂದ ಅದನ್ನು ಇಳಿಸಲು ಮಗ ವಿಜಯಕುಮಾರ್ ಪಕ್ಕದ ಮನೆಯ ತೋಟಪ್ಪನನ್ನು ಕರೆಯಬೇಕಾಯಿತು.

"ಏನೈತೋ ಮಾವಾ ಇದರಾಗ? ಗಣೀನ ಎತ್ಕೊಂಡು ಬಂದಿಯೇನು?" ಅಂದ ತೋಟಪ್ಪ.

"ನನ್ನ ಪಾನಾ," ಅಂದ ಹೊನ್ನೂರಪ್ಪ, ಸ್ಪ್ಯಾನರ್ ಹಿಡಿದು ನಟ್ಟು ಬಿಗಿಯುವಂತೆ ಕೈ ತಿರುವಿ. ಮಾತು ಸಣ್ಣದಾದರೂ ದನಿ ಬೀದಿಗೆಲ್ಲ ಕೇಳುವಷ್ಟು ಇತ್ತು. ಗಣಿಯಲ್ಲಿ ಇದ್ದು ಇದ್ದು ದೊಡ್ಡ ದನಿಯೇ ಅವನಿಗೆ ರೂಢಿಯಾಗಿದೆ ಎಂದು ಎಲ್ಲರೂ ತಿಳಿದಿದ್ದರು.

ಮನೆಯ ಮುಂದೆ ಹೊಸಪೇಟೆಯಿಂದ ಹಂಪಿಗೆ ಹೋಗುವ ರಸ್ತೆ. ರಸ್ತೆಗೂ ಮನೆಗೂ ನಡುವೆ, ಮೊದಲು ಕಟ್ಟಿಗೆ ಒಟ್ಟುತ್ತಿದ್ದ ತಗಡಿನ ಶೆಡ್ಡಿನಲ್ಲಿ, ಮಗಳು ಸಂಘಮಿತ್ರಾ ಸ್ಕೂಟರ್ ರಿಪೇರಿ ಇಟ್ಟುಕೊಂಡಿದ್ದಳು. ಆಟೋಮೊಬೈಲ್ ಡಿಪ್ಲೊಮಾ ಮುಗಿಸಿ ಮೊದಲು ಒಂದು ಶೋರೂಮಿಗೆ ಸೇರಿದ್ದಳು. ಅಲ್ಲಿ ಅವಳನ್ನು ಕೌಂಟರಿನಲ್ಲಿ ಕೂರಿಸಿ, ಪಾನಾ ಹಿಡಿಯುವುದು ಹುಡುಗರ ಕೆಲಸ, ನೀನು ಬಂದವರ ಜೊತೆ ನಕ್ಕು ಮಾತಾಡು ಎಂದಿದ್ದರು. ಎರಡು ವರ್ಷ ನಕ್ಕಳು. ಒಂದು ದಿನ ನಗುವುದು ಬಿಟ್ಟು ಮನೆಗೆ ಬಂದು ಶೆಡ್ಡಿನ ಕಟ್ಟಿಗೆಯನ್ನು ತಾನೇ ಹೊರಗೆ ಹಾಕತೊಡಗಿದಳು. ಪಕೀರಮ್ಮ ಸೆರಗು ಸಿಕ್ಕಿಸಿಕೊಂಡು ಬಂದು ಕಟ್ಟಿಗೆಯ ಇನ್ನೊಂದು ತುದಿ ಹಿಡಿದಳು.

ಪಾನಾ ಕೊಳ್ಳುವುದರಲ್ಲಿ ಸಂಘಮಿತ್ರಾಳದು ಅವಳದೇ ರೀತಿ. ಸೆಟ್ಟುಗಟ್ಟಲೆ ತರುತ್ತಿರಲಿಲ್ಲ. ಕೈಗೆ ಬಂದ ಕೆಲಸ ಯಾವುದನ್ನು ಬೇಡುತ್ತದೋ ಅದೊಂದನ್ನೇ ತರುವುದು. ಒಮ್ಮೆ ಪಕೀರಮ್ಮ ಜೊತೆಗೆ ಹೋಗಿದ್ದಳು. ಹೊಸಪೇಟೆಯ ಅಂಗಡಿಯಲ್ಲಿ ಮಗಳು ಜೇಬಿನಿಂದ ಒಂದು ಬೋಲ್ಟು ತೆಗೆದು ಒಂದೊಂದೇ ಪಾನಾದ ಬಾಯಿಗೆ ಕೂಡಿಸಿ, ಅಲುಗಿಸಿ ನೋಡಿ, ಕೂದಲೆಳೆಯಷ್ಟು ಆಡಿದರೂ ಪಕ್ಕಕ್ಕೆ ಇಡುತ್ತಿದ್ದಳು. ಸಂತೆಯಲ್ಲಿ ಬದನೆಕಾಯಿ ಆರಿಸುವಾಗ ತಾನೂ ಯಾರನ್ನೂ ಇಷ್ಟು ಸತಾಯಿಸಿಲ್ಲ ಅನಿಸಿತು ಪಕೀರಮ್ಮನಿಗೆ.

ಅಂಗಡಿಯವನು ಸಾಕಾಗಿ, "ಏನವ್ವಾ, ಮಗಳಿಗೆ ವರ ನೋಡಾಕ ಬಂದೀರೋ, ಪಾನಾ ನೋಡಾಕ ಬಂದೀರೋ?" ಅಂದ.

"ವರ ಒಂದೀಟು ಸಡ್ಲ ಇದ್ರ ನಡೀತೈತಿ ಅಣ್ಣಾ," ಅಂದಳು ಸಂಘಮಿತ್ರಾ, ತಲೆ ಎತ್ತದೆ. "ಪಾನಾ ಸಡ್ಲ ಇದ್ರ ಬೋಲ್ಟಿನ ಮೂಲಿ ತಿಂದು ಹಾಕ್ತೈತಿ."

ತಂದದ್ದನ್ನು ಅವಳು ಶೆಡ್ಡಿನ ಗೋಡೆಯ ಹಲಗೆಗೆ ಮೊಳೆ ಹೊಡೆದು ತೂಗಿಸುವಳು. ಪ್ರತಿಯೊಂದರ ಸುತ್ತ ಅದರ ಆಕಾರವನ್ನೇ ನೀಲಿ ಬಣ್ಣದಲ್ಲಿ ಬರೆಯುವಳು. ಸಂಜೆ ಬಾಗಿಲು ಹಾಕುವಾಗ ಹಲಗೆಯ ಮೇಲೆ ಯಾವ ನೀಲಿ ಗೆರೆ ಖಾಲಿ ಕಾಣುತ್ತದೋ ಆ ಪಾನಾ ಎಲ್ಲೋ ಸ್ಕೂಟರಿನ ಸಂದಿಯಲ್ಲಿ ಉಳಿದಿದೆ ಎಂದು ಅರ್ಥ. ಪಕೀರಮ್ಮ ಬಾಳೆ ತೋಟದ ಕೆಲಸದಿಂದ ಬಂದವಳು ಕೈಕಾಲು ತೊಳೆಯುವ ಮೊದಲು ಆ ಹಲಗೆಯ ಮುಂದೆ ಒಂದು ಗಳಿಗೆ ನಿಲ್ಲುವಳು. ಅದರಲ್ಲಿ ಅವಳಿಗೆ ತಿಳಿಯುವಂಥದ್ದು ಹೆಚ್ಚೇನೂ ಇರಲಿಲ್ಲ. ಆದರೂ ನಿಲ್ಲುವಳು.

ಹೊನ್ನೂರಪ್ಪ ಆ ಹಲಗೆ ನೋಡಿ ಮೊದಲ ದಿನ ನಕ್ಕಿದ್ದ.

"ಏನಿದು ಮಗಳ, ಗೊಂಬಿ ಆಟದ ಸಾಮಾನು? ನಿನ್ನ ದೊಡ್ಡ ಪಾನಾ ನಮ್ಮಲ್ಲಿ ಹಲ್ಲಿನ ಕಡ್ಡಿ ಆಗ್ತೈತಿ."

"ಅಪ್ಪಾ, ನಿನ್ನ ಸಣ್ಣ ಪಾನಾದಾಗ ನನ್ನ ಸ್ಕೂಟರ್ ಇಡೀ ಹೋಗ್ತೈತಿ," ಅಂದಿದ್ದಳು ಅವಳು.

ಅಪ್ಪ ಮಗಳು ಕೂಡಿ ನಕ್ಕದ್ದು ನೋಡಿ ಪಕೀರಮ್ಮ ಆವತ್ತು ಒಂದು ರೊಟ್ಟಿ ಜಾಸ್ತಿ ಬಡಿದಳು.

ಕೂತು ಉಣ್ಣುವ ಜೀವವಲ್ಲ ಅವನದು. ಒಂದು ವಾರದಲ್ಲೇ ಶೆಡ್ಡಿಗೆ ಇಳಿದ. ಎಣ್ಣೆ ಬದಲಿಸುವುದು, ಚಕ್ರ ಬಿಚ್ಚುವುದು, ಬ್ರೇಕು ತೊಳೆಯುವುದು, ಯಾವುದಕ್ಕೂ ಹಿಂದೆ ಬೀಳಲಿಲ್ಲ. ಗಣಿಯಿಂದ ಒಂದು ರೂಢಿಯನ್ನೂ ತಂದಿದ್ದ. ಅಲ್ಲಿ ಒಬ್ಬೊಬ್ಬ ಫಿಟ್ಟರಿಗೆ ಒಂದೊಂದು ಬಣ್ಣ. ನಟ್ಟು ಬಿಗಿದ ಮೇಲೆ ಅದರ ತಲೆಯಿಂದ ಪಕ್ಕದ ಲೋಹದ ಮೇಲೆ ಇಳಿಯುವಂತೆ ಒಂದು ಗೆರೆ ಎಳೆಯಬೇಕು. ನಟ್ಟು ಸಡಿಲಾದರೆ ಗೆರೆ ಮುರಿದು ಕಾಣುತ್ತದೆ, ಯಾರ ಬಣ್ಣ ಎಂದು ನೋಡಿದರೆ ಯಾರ ಕೈ ಎಂದೂ ತಿಳಿಯುತ್ತದೆ. ಹೊನ್ನೂರಪ್ಪನದು ಹಳದಿ. ಹಳದಿ ಗೆರೆ ಮುರಿದದ್ದನ್ನು ಇಷ್ಟು ವರ್ಷದಲ್ಲಿ ಯಾರೂ ತನಗೆ ತೋರಿಸಿಲ್ಲ ಎನ್ನುವುದು ಅವನು ಆಡಿಕೊಳ್ಳುತ್ತಿದ್ದ ಒಂದೇ ಒಂದು ದೊಡ್ಡ ಮಾತು. ಮಗಳ ಶೆಡ್ಡಿನಲ್ಲೂ ಬಣ್ಣದ ಪುಟ್ಟ ಡಬ್ಬಿ, ಸಣ್ಣ ಕುಂಚ ಇಟ್ಟುಕೊಂಡ. ತಾನು ಬಿಗಿದ ಪ್ರತಿ ಬೋಲ್ಟಿಗೂ ಒಂದು ಗೆರೆ.

ಊರಿನ ಆಚೆ ತುದಿಯಲ್ಲಿ ಗಂಗಾಂಬಿಕಾಳ ಹೋಂಸ್ಟೇ. ಹಂಪಿ ನೋಡಲು ಬಂದವರಿಗೆ ಅವಳು ಸ್ಕೂಟರ್ ಬಾಡಿಗೆಗೆ ಕೊಡುತ್ತಿದ್ದಳು. ಅವಳ ಎಂಟು ಗಾಡಿಯೂ ಸಂಘಮಿತ್ರಾಳ ಕೈಗೇ ಬರುತ್ತಿದ್ದವು. ಶೆಡ್ಡು ನಡೆಯುತ್ತಿದ್ದದ್ದೇ ಅವುಗಳಿಂದ.

ದಸರಾ ಇನ್ನೂ ಮೂರು ವಾರ ಇರುವಾಗ, ಒಂದು ಬೆಳಿಗ್ಗೆ ಗಂಗಾಂಬಿಕಾ ತನ್ನ ಸ್ಕೂಟರನ್ನು ಆಳಿನ ಕೈಯಲ್ಲಿ ತಳ್ಳಿಸಿಕೊಂಡು ಬಂದಳು. ಪಕೀರಮ್ಮ ಕಟ್ಟೆಯ ಮೇಲೆ ಮೆಂತ್ಯ ಸೊಪ್ಪು ಸೋಸುತ್ತಿದ್ದಳು.

"ಏನವ್ವಾ ಸಂಘಮಿತ್ರಾ, ನಿನ್ನೆ ಸರ್ವೀಸ್ ಮಾಡಿ ಕೊಟ್ಟಿ, ಇವತ್ತು ನೋಡಿದ್ರ ಅಂಗಳದ ತುಂಬ ಎಣ್ಣಿ! ಗೆಸ್ಟ್ ಕೀಲಿ ಹಾಕಾಕ ಹೊಂಟಿದ್ರು. ನಾ ನೋಡಿದ್ದಕ್ಕ ಸರಿ ಆತು. ಹಂಗ ಓಡ್ಸಿದ್ದರ ಇಂಜಿನ್ ಹೋಗ್ತಿತ್ತು."

ಸಂಘಮಿತ್ರಾ ನೆಲಕ್ಕೆ ಮಲಗಿ ಫೋನಿನ ಬೆಳಕು ಬಿಟ್ಟು ಗಾಡಿಯ ಕೆಳಗೆ ನೋಡಿದಳು. ಪಕೀರಮ್ಮನೂ ಕಟ್ಟೆಯಿಂದ ಇಳಿದು ಬಗ್ಗಿ ನೋಡಿದಳು. ಎಣ್ಣೆ ಇಳಿಸುವ ಬೋಲ್ಟಿನ ಮೇಲೆ ಹಳದಿ ಗೆರೆ. ಗೆರೆ ಮುರಿದಿರಲಿಲ್ಲ, ನೆಟ್ಟಗೆ ಇತ್ತು. ಬೋಲ್ಟು ಸಡಿಲಾಗಿಲ್ಲ. ಅತಿ ಬಿಗಿದು, ಒಳಗಿನ ಮೆತ್ತನೆ ಅಲ್ಯೂಮಿನಿಯಂ ಥ್ರೆಡ್ಡೇ ಕಿತ್ತು ಹೋಗಿತ್ತು. ಟಿಪ್ಪರ್ ಕೈ ಸ್ಕೂಟರಿನ ಮೇಲೆ ಬಿದ್ದಿತ್ತು.

ಮಗಳು ಕೈ ಚಾಚಿ ಪೆಟ್ರೋಲಿನಲ್ಲಿ ನೆನೆಸಿದ ಬಟ್ಟೆ ತೆಗೆದುಕೊಂಡು, ಎಣ್ಣೆ ಒರೆಸುವವಳಂತೆ ಆ ಗೆರೆಯನ್ನು ಒರೆಸಿಹಾಕಿದಳು.

"ನನ್ನ ಕೈ ತಪ್ಪು ಅಕ್ಕಾರ," ಅಂದಳು ಎದ್ದು ಕೂತು. "ಜಾಸ್ತಿ ಬಿಗಿದುಬಿಟ್ಟೀನಿ. ಸಂಜೀಕ ಸರಿ ಮಾಡಿ ಕೊಡ್ತೀನಿ."

"ಹೆಣ್ಮಗಳು, ಮುಂದ ಬರ್ಲಿ ಅಂತ ನಿನಗ ಗಾಡಿ ಕೊಟ್ಟೀನವ್ವಾ. ನಮ್ಮ ಮನ್ಯಾಗ ಎಲ್ಲಾರೂ ಹೊಸಪೇಟಿಗೇ ಕಳಿಸು ಅಂತಿದ್ರು. ದಸರಾ ರಜಾದಾಗ ಒಂದು ಗಾಡೀನೂ ನಿಲ್ಲಬಾರ್ದು. ಇನ್ನೊಮ್ಮೆ ಹಿಂಗ ಆದ್ರ ಅವರ ಮುಂದ ನನಗ ಬಾಯಿ ಇರಂಗಿಲ್ಲ, ನೋಡು."

ಹೊನ್ನೂರಪ್ಪ ಟೀ ಲೋಟ ಹಿಡಿದು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಅವನ ಕಣ್ಣು ಮಗಳ ಕೈಯಲ್ಲಿದ್ದ ಬಟ್ಟೆಯ ಮೇಲಿತ್ತು. ಬಟ್ಟೆಯ ಅಂಚಿಗೆ ಹಳದಿ ಹತ್ತಿತ್ತು. ಅವನು ನಲ್ಲಿಗೆ ಹೋಗಿ, ಇನ್ನೂ ಅರ್ಧ ಟೀ ಇದ್ದ ಲೋಟವನ್ನು ತೊಳೆದು ಬೋರಲು ಹಾಕಿದ. ಸಂಜೆಯವರೆಗೆ ಮಗಳು ಆ ಗಾಡಿಯ ಮುಂದೆ ಕೂತು, ಕೆಟ್ಟ ಥ್ರೆಡ್ಡನ್ನು ಕೊರೆದು ಒಳಗೆ ಸ್ಟೀಲಿನ ಸುರುಳಿ ಕೂಡಿಸಿದಳು. ಅವನು ಆ ಕಡೆ ಬರಲಿಲ್ಲ, ಅವಳೂ ಕರೆಯಲಿಲ್ಲ.

ಫ್ಯಾಕ್ಟರಿ ಕೆಲಸ ಮುಗಿಸಿ ಬಂದ ವಿಜಯಕುಮಾರ್‌ಗೆ ತೋಟಪ್ಪನಿಂದ ಸುದ್ದಿ ಮುಟ್ಟಿತ್ತು. ಊಟಕ್ಕೆ ಕೂತಾಗ ತೆಗೆದ.

"ಯಾರ ಕೈಯದು? ನಿಜಾ ಹೇಳು."

"ನಂದು," ಅಂದಳು ಸಂಘಮಿತ್ರಾ.

"ನಿನ್ನ ಕೈಗೆ ಅಷ್ಟು ಶಕ್ತಿ ಎಲ್ಲೈತಿ ಲೇ? ಉಪ್ಪಿನಕಾಯಿ ಬಾಟ್ಲಿ ತೆಗ್ಯಾಕ ಬರಂಗಿಲ್ಲ ನಿನಗ."

ಪಕೀರಮ್ಮನ ಸೌಟು ಸಾರಿನಲ್ಲೇ ನಿಂತಿತು. "ಉಣ್ಣೋ ಹೊತ್ತಿನಾಗ ಯಾಕೋ ವಿಜಿ?"

"ಮತ್ಯಾವಾಗ ಮಾತಾಡಬೇಕಮ್ಮಾ? ಆ ಎಂಟು ಗಾಡಿ ಹೋದ್ರ ಇವಳು ವಾಪಸ್ ಕೌಂಟರ್‌ನಾಗ ಕುಂದ್ರಬೇಕು. ಅಪ್ಪಗ ಯಾರಾದ್ರೂ ಹೇಳ್ರಿ." ಅವನು ಅಪ್ಪನ ಕಡೆ ತಿರುಗಿದ. "ಅಪ್ಪಾ, ಕೇಳ್ಸಿತೇನು ನಾ ಅಂದಿದ್ದು?"

ಹೊನ್ನೂರಪ್ಪ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದ. ಎಲ್ಲರೂ ತನ್ನ ಕಡೆ ನೋಡುತ್ತಿರುವುದು ಕಂಡು, "ಹೂಂ, ಸಾರು ಮಸ್ತ್ ಆಗೈತಿ," ಅಂದ.

ವಿಜಯಕುಮಾರ್ ತಾಟು ಸರಿಸಿ ಎದ್ದ. "ನೋಡಿದ್ರೇನು? ಹಿಂಗ ಜಾರಿಸ್ತಾನ. ಹಟಾ, ಬರೇ ಹಟಾ."

ಪಕೀರಮ್ಮನಿಗೂ ಹಾಗೇ ಅನಿಸಿತು. ಮನೆಗೆ ಬಂದಾಗಿನಿಂದಲೂ ಹೀಗೇ. ಕರೆದರೆ ಒಮ್ಮೊಮ್ಮೆ ತಿರುಗುವನು, ಒಮ್ಮೊಮ್ಮೆ ಕಲ್ಲಿನಂತೆ ಕೂತಿರುವನು. ದೂರದಲ್ಲಿ ಇದ್ದವನಿಗೆ ಮನೆಯವರ ಮಾತು ಹಗುರವಾಗಿದೆ ಎಂದು ಅವಳು ಒಳಗೊಳಗೇ ನೊಂದಿದ್ದಳು.

ಒಂದು ವಾರ ಕಳೆದ ಮೇಲೆ ಸಂಘಮಿತ್ರಾ ಉದ್ದನೆಯ ಪೆಟ್ಟಿಗೆಯೊಂದನ್ನು ಶೆಡ್ಡಿಗೆ ತಂದಳು. ಎಷ್ಟೋ ಸಲ ಅಂಗಡಿಗೆ ಹೋಗಿ ಮುಟ್ಟಿ ನೋಡಿ ಬಿಟ್ಟು ಬಂದಿದ್ದ ಟಾರ್ಕ್ ರೆಂಚು ಅದು. ಎಲ್ಲರೂ ಇರುವಾಗಲೇ ಅದನ್ನು ತೆಗೆದು ತೋರಿಸಿದಳು. ಬೋಲ್ಟಿಗೆ ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಹಿಡಿಕೆಯ ಅಂಕಿ ಕೂಡಿಸಿ ತಿರುವಿದರೆ, ಸಾಕಾದ ಕ್ಷಣಕ್ಕೆ ಅದೇ 'ಟಕ್' ಎನ್ನುತ್ತದೆ. ಅಲ್ಲಿಗೆ ಕೈ ನಿಲ್ಲಿಸಬೇಕು.

ಅವಳು ಅಪ್ಪನನ್ನು ಗುರಿ ಮಾಡಿ ಹೇಳಲಿಲ್ಲ. "ನನ್ನ ಕೈ ತಪ್ಪಿತಲ್ಲಾ, ಅದಕ್ಕ ತಂದೆ," ಅಂದಳು. ಆಮೇಲೆ ಅವನ ಕೈಗೇ ಕೊಟ್ಟಳು. "ನೋಡಪ್ಪಾ, ಹೆಂಗೈತಿ ಅಂತ ನೀ ಹೇಳು."

ಹೊನ್ನೂರಪ್ಪ ಹಲಗೆಗೆ ಬಿಗಿದಿದ್ದ ಹಳೆ ಬೋಲ್ಟಿಗೆ ಅದನ್ನು ಕೂಡಿಸಿ ತಿರುವಿದ. ಟಕ್ ಎಂದಿತು. ಅವನು ನಿಲ್ಲಿಸಲಿಲ್ಲ. ಮತ್ತೆ ಟಕ್ ಎಂದಿತು. ಇನ್ನೂ ತಿರುವಿದ. ಬೋಲ್ಟಿನ ಕುತ್ತಿಗೆ ಕಟ್ ಎಂದು ಮುರಿದು ಕೈಗೆ ಬಂತು.

"ಟಕ್ಕೂ ಇಲ್ಲ, ಪಿಕ್ಕೂ ಇಲ್ಲ," ಅಂದ ಅವನು ದೊಡ್ಡ ದನಿಯಲ್ಲಿ. "ಅಂಗಡ್ಯಾನು ನಿನಗ ಟೋಪಿ ಹಾಕ್ಯಾನ ಮಗಳ."

ವಿಜಯಕುಮಾರ್ ಜೋರಾಗಿ ನಕ್ಕ. "ಎರಡು ಸಲ ಟಕ್ ಅಂತಲ್ಲಪ್ಪಾ! ನಿನ್ನ ಕೈಗೆ ಯಾರ ಮಾತೂ ಬ್ಯಾಡ." ಸಂಘಮಿತ್ರಾಳ ಮುಖದಲ್ಲೂ ಒಂದು ನಗು ಬಂದು ಹೋಯಿತು. ಹೊನ್ನೂರಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ರೆಂಚನ್ನು ಪೆಟ್ಟಿಗೆಯಲ್ಲಿ ಇಟ್ಟು, ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಮೊದಲಿದ್ದ ಹಾಗೇ ಹೊದಿಸಿ, ಹೊರಗೆ ಹೋಗಿ ಬೇವಿನ ಮರದ ಕೆಳಗೆ ಕೂತ.

ಮರುದಿನದಿಂದ ಮಗಳು ಅವನಿಗೆ ಗಾಡಿ ತೊಳೆಯುವ ಕೆಲಸ ಕೊಟ್ಟಳು. ಅವನು ಬೇಡ ಅನ್ನಲಿಲ್ಲ. ಚಕ್ರದ ಸಂದಿ ಸಂದಿಯಲ್ಲಿ ಬಟ್ಟೆ ಎಳೆದು, ಹಲ್ಲುಜ್ಜುವ ಬ್ರಷ್ಷಿನಿಂದ ಮೂಲೆ ಉಜ್ಜಿ, ಹೊಸ ಗಾಡಿಯಂತೆ ಮಾಡಿ ನಿಲ್ಲಿಸುತ್ತಿದ್ದ. ಅದನ್ನು ನೋಡಿ ಪಕೀರಮ್ಮನಿಗೆ ಹೆಮ್ಮೆ ಬರುತ್ತಿತ್ತು, ಆದರೂ ಹೆಚ್ಚು ಹೊತ್ತು ನೋಡಲಾರದೆ ಒಳಗೆ ಹೋಗುತ್ತಿದ್ದಳು. ಹಳದಿ ಬಣ್ಣದ ಡಬ್ಬಿಯ ಮೇಲೆ ಧೂಳು ಕೂತಿತು. ಅದರ ಮುಚ್ಚಳ ತೆಗೆಯಲು ಹೇಗೂ ಬೇರೆ ಯಾರಿಗೂ ಬರುತ್ತಿರಲಿಲ್ಲ.

ಹಾಗಿರುವಾಗ ಒಂದು ಮಧ್ಯಾಹ್ನ ಯಾರಿಗೂ ಹೇಳದೆ ಸಂಡೂರಿಗೆ ಹೋಗಿ ಬಂದ.

"ಜಂಬುನಾಥ್ ಅಂತ, ಟಿಪ್ಪರ್ ಇಟ್ಟಾನ. ಅವನ ಯಾರ್ಡಿನಾಗ ಫಿಟ್ಟರ್ ಬೇಕಂತ. ಬರೋ ಸೋಮವಾರ ಹೊಂಟೀನಿ," ಅಂದ ಪಕೀರಮ್ಮನಿಗೆ.

"ಈ ವಯಸ್ಸಿನಾಗ? ಮನ್ಯಾಗ ಏನು ಕಡಿಮಿ ಆಗೇತ್ರಿ ನಿಮಗ?"

ಅವನು ಅವಳ ಬಾಯನ್ನೇ ನೋಡುತ್ತಿದ್ದ. ಸ್ವಲ್ಪ ತಡೆದು, "ಅಲ್ಲಿ ನನ್ನ ಕೈಗೆ ತಕ್ಕ ನಟ್ಟು ಅದಾವ," ಅಂದ.

ಅವಳು ಇಡೀ ಸಂಸಾರವನ್ನು ಅವನ ದಾರಿ ಕಾಯುವುದರಲ್ಲೇ ಕಳೆದವಳು. ಹಬ್ಬಕ್ಕೆ ಬರುತ್ತಾನೆ, ರಜೆ ಸಿಕ್ಕರೆ ಬರುತ್ತಾನೆ, ಕೆಲಸ ಮುಗಿದ ಮೇಲಂತೂ ಬಂದೇ ಬರುತ್ತಾನೆ ಎಂದು. ಬಂದವನು ಮತ್ತೆ ಹೊರಟು ನಿಂತಿದ್ದ.

ಹೊರಡುವ ವಾರ ಅವಳು ಬಾಳೆ ತೋಟಕ್ಕೆ ಹೋಗುವಾಗ ಒಲೆಯ ಮೇಲೆ ಬೇಳೆ ಇಟ್ಟು, "ಮೂರು ಸೀಟಿ ಆದಮ್ಯಾಗ ಬಂದ್ ಮಾಡ್ರಿ," ಎಂದು ಅವನ ಎದುರಿಗೇ ನಿಂತು ಹೇಳಿ ಹೊರಟಳು. ತೋಟದ ದಾರಿಯಲ್ಲಿ ಕುಡುಗೋಲು ಮರೆತದ್ದು ನೆನಪಾಗಿ ತಿರುಗಿದಳು. ಶೆಡ್ಡಿನ ಹತ್ತಿರ ಬರುವಾಗಲೇ ಕುಕ್ಕರ್ ಕೂಗುವುದು ಕೇಳಿತು. ಮುಗಿಯಿತು ಅನ್ನುವಷ್ಟರಲ್ಲಿ ಮತ್ತೆ ಕೂಗಿತು. ಅಂಗಳ ದಾಟುವಾಗ ಮತ್ತೊಂದು. ಬೇಳೆ ಸೀದ ವಾಸನೆ ಬಾಗಿಲಿಗೆ ಬಂದಿತ್ತು.

ಹೊನ್ನೂರಪ್ಪ ಒಲೆಗೆ ಬೆನ್ನು ಮಾಡಿ, ಕೈಗೆಟಕುವಷ್ಟು ಹತ್ತಿರ, ಪೇಪರ್ ಓದುತ್ತ ಕೂತಿದ್ದ.

ಅವಳು ಬೈಯಲೆಂದೇ ಒಳಗೆ ನುಗ್ಗಿದಳು. ಕುಕ್ಕರ್ ಅವನ ಬೆನ್ನ ಹಿಂದೆ ಮನೆ ಹಾರುವಂತೆ ಕೂಗುತ್ತಿತ್ತು. ಅವನು ನಿಧಾನಕ್ಕೆ ಹಾಳೆ ತಿರುವಿದ. ಅವಳು ಗ್ಯಾಸ್ ಆರಿಸಿದಳು. ಸದ್ದಡಗಿತು. ಅವನಿಗೆ ಅದೂ ತಿಳಿಯಲಿಲ್ಲ.

ಪಕೀರಮ್ಮ ಅವನ ಹಿಂದೆಯೇ ನಿಂತಳು. ಮದುವೆಯಾದಾಗಿನಿಂದ ಅವಳು ಗಂಡನ ಹೆಸರನ್ನು ಬಾಯಿಬಿಟ್ಟು ಆಡಿದವಳಲ್ಲ. ಜನಗಣತಿಯವರು ಬಂದು ಕೇಳಿದಾಗಲೂ ಮಗನ ಕೈಲಿ ಹೇಳಿಸಿದ್ದಳು. ಈಗ ಗೋಡೆಗೆ ಒಂದು ಕೈ ಕೊಟ್ಟು, ಸಾಧಾರಣ ದನಿಯಲ್ಲಿ, "ಹೊನ್ನೂರಪ್ಪಾ," ಅಂದಳು.

ಅವನು ತಿರುಗಲಿಲ್ಲ.

"ಹೊನ್ನೂರಪ್ಪಾ," ಇನ್ನೊಮ್ಮೆ ಅಂದಳು, ಸ್ವಲ್ಪ ಜೋರಾಗಿ.

ಪೇಪರಿನ ಮೂಲೆ ಫ್ಯಾನಿನ ಗಾಳಿಗೆ ಅಲುಗಿತು, ಅವನು ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದ. ಅಷ್ಟೇ.

ಅವಳಿಗೆ ಒಂದೊಂದೇ ತಿಳಿಯುತ್ತ ಬಂತು. ಊಟದ ಹೊತ್ತಿನ 'ಸಾರು ಮಸ್ತ್ ಆಗೈತಿ.' ತನ್ನ ಬಾಯನ್ನೇ ನೋಡುತ್ತಿದ್ದ ಆ ಕಣ್ಣು. ಟಕ್ ಎಂದರೂ ನಿಲ್ಲದ ಕೈ. ಆಮೇಲೆ, ಎಲ್ಲಕ್ಕಿಂತ ಕಡೆಗೆ, ಜಂಬುನಾಥನ ಯಾರ್ಡು ಕಣ್ಣ ಮುಂದೆ ಬಂತು. ಹಿಂದಕ್ಕೆ ಬರುವ ಟಿಪ್ಪರು, ಅದರ ಹಾರ್ನು, ಅದರ ಕೆಳಗೆ ಬಗ್ಗಿ ನಿಂತ ಈ ಬೆನ್ನು. ಅವಳು ಅವನನ್ನು ದಾಟಿ ಹೊಸ್ತಿಲ ಮೇಲೆ ಕೂತಳು. ಆಗ ಅವನು ಅವಳನ್ನು ಕಂಡ.

"ಯಾಕ ಲೇ ವಾಪಸ್ ಬಂದಿ? ಇನ್ನೂ ಒಂದೂ ಸೀಟಿ ಆಗಿಲ್ಲ," ಅಂದ.

"ಕುಡಗೋಲು ಮರ್ತಿದ್ದೆ," ಅಂದಳು ಅವಳು.

ಆ ಸಂಜೆ ಬಚ್ಚಲ ಕಲ್ಲಿನ ಹತ್ತಿರ ಸೀದ ಕುಕ್ಕರ್ ತಿಕ್ಕುತ್ತ ಮಗಳಿಗೆ ಹೇಳಿದಳು. ಗಂಡನ ಹೆಸರು ಹಿಡಿದು ಕರೆದದ್ದನ್ನು ಮಾತ್ರ ಹೇಳಲಿಲ್ಲ. ಸಂಘಮಿತ್ರಾ ತನ್ನ ಉಗುರಿನ ಕಪ್ಪು ಮಸಿಯನ್ನು ಕೆರೆಯತೊಡಗಿದಳು.

"ಅವತ್ತು ನಾವು ನಕ್ಕಿವಿ ಅಮ್ಮಾ."

"ನಕ್ಕಿದ್ದು ವಿಜಿ."

"ನಾನೂ ನಕ್ಕೆ."

"ನೀ ಏನಾರ ಮಾಡು, ಕಿವುಡ ಅಂತ ಮಾತ್ರ ಯಾರ ಬಾಯಾಗೂ ಬರಬಾರ್ದು ನೋಡು. ಆತನೇ ಮುಚ್ಚಿಟ್ಟಾನ ಅಂದಮ್ಯಾಗ..."

"ನಂಗೊತ್ತಮ್ಮಾ," ಅಂದಳು ಮಗಳು. "ಆ ಡಬ್ಬಿ ನಾವು ತೆಗೀಬಾರ್ದು."

ಶನಿವಾರ ಗಂಗಾಂಬಿಕಾಳ ಗಾಡಿಗಳು ಸಾಲಾಗಿ ಬಂದು ನಿಂತವು. ಪಕೀರಮ್ಮ ಆವತ್ತು ತೋಟಕ್ಕೆ ಹೋಗಲಿಲ್ಲ. ಸಂಘಮಿತ್ರಾ ಮೊದಲು ಗಾಳಿ ತುಂಬುವ ಕಂಪ್ರೆಸರ್ ಚಾಲೂ ಮಾಡಿದಳು. ತಗಡಿನ ಶೆಡ್ಡು ಗಡಗಡ ನಡುಗತೊಡಗಿತು. ಆ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುವಂತಿರಲಿಲ್ಲ. ಅವಳು ಹೊರಗೆ ಹೋಗಿ ಅಪ್ಪನ ಎದುರಿಗೆ ನಿಂತು, ಕೈಸನ್ನೆ ಮಾಡಿ ಒಳಗೆ ಕರೆದಳು. ರೆಂಚನ್ನು ಅವನ ಮುಂದೆ ಹಿಡಿದು, ಒಂದೊಂದು ಮಾತನ್ನೂ ಬಿಡಿಸಿ ಕೂಗಿ ಹೇಳಿದಳು:

"ಅಪ್ಪಾ! ಈ ಸದ್ದಿನಾಗ ಟಕ್ ಅನ್ನೋದು ನನಗ ಕೇಳವಲ್ದು! ಕೈಲೇ ಹಿಡೀಬೇಕು! ನನಗ ಬರವಲ್ದು, ನೀ ನೋಡು!"

ಪಕೀರಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮಗಳು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ಆ ಗದ್ದಲದಲ್ಲಿ ಅಲ್ಲಿದ್ದ ಮೂವರೂ ಕಿವುಡರೇ. ಒಬ್ಬನ ಕುಂದನ್ನು ಆಡಿ ತೋರಿಸುವ ಬದಲು ಅದನ್ನು ಎಲ್ಲರಿಗೂ ಸಮನಾಗಿ ಹಂಚಿಬಿಟ್ಟಿದ್ದಳು ಹುಡುಗಿ. ಯಾವ ಕಾಲೇಜಿನಲ್ಲಿ ಕಲಿತಳೋ ಇದನ್ನು ಎಂದುಕೊಂಡಳು ತಾಯಿ.

ಹೊನ್ನೂರಪ್ಪ ಮಗಳ ಮುಖ ನೋಡಿದ. ಕಂಪ್ರೆಸರ್ ನೋಡಿದ. ಮತ್ತೆ ಮಗಳ ಮುಖ ನೋಡಿದ. ಅವನಿಗೆ ಎಲ್ಲ ತಿಳಿಯಿತೋ, ಅರ್ಧ ತಿಳಿಯಿತೋ, ಹೇಳುವುದು ಕಷ್ಟ. ಅಂಗಿಯ ತೋಳು ಮೇಲೇರಿಸಿ ರೆಂಚು ತೆಗೆದುಕೊಂಡ.

ಹಲಗೆಯ ಹೊಸ ಬೋಲ್ಟಿಗೆ ಕೂಡಿಸಿ, ಎಡಗೈಯನ್ನು ರೆಂಚಿನ ತಲೆಯ ಮೇಲೆ ಇಟ್ಟು, ಕಣ್ಣು ಮುಚ್ಚಿದ. ಬಲಗೈ ನಿಧಾನವಾಗಿ ಎಳೆಯಿತು. ಒಮ್ಮೆ ದಾಟಿ ಹೋಯಿತು. ಬಿಚ್ಚಿ ಮತ್ತೆ ಹಿಡಿದ. ಮತ್ತೆ ದಾಟಿತು. ಬೆವರು ಮೂಗಿನ ತುದಿಗೆ ಬಂದು ನಿಂತಿತ್ತು. ಟಿಪ್ಪರಿನ ನಟ್ಟಿಗೆ ನಾಲ್ಕಡಿ ಪೈಪು ಹಾಕಿ ಮೈ ಭಾರ ಬಿಟ್ಟು ಬಿಗಿದ ಕೈ ಅದು. ಈಗ ಹಸುಗೂಸಿನ ಬೆನ್ನು ತಟ್ಟುವಷ್ಟು ಹಗುರಾಗಲು ಹೆಣಗುತ್ತಿತ್ತು. ಪಕೀರಮ್ಮ ಗಂಡನನ್ನು ಎಂದೂ ಕೆಲಸದ ಜಾಗದಲ್ಲಿ ನೋಡಿದವಳಲ್ಲ. ಅವನು ದುಡಿದದ್ದೆಲ್ಲ ಬೆಟ್ಟದ ಆಚೆ. ಈ ಗಂಡಸು ಇಷ್ಟು ವರ್ಷ ಹೀಗೇ ನಿಂತಿರುತ್ತಿದ್ದನೇನೋ ಎಂದು ನೋಡುತ್ತ ನಿಂತಳು.

ಮತ್ತೊಮ್ಮೆ ಎಳೆದಾಗ ಅವನ ಕೈ ನಿಂತಿತು. ನಿಂತ ಕೈಯನ್ನು ಹಾಗೇ ಹಿಡಿದು ಕಣ್ಣು ತೆರೆದ.

"ಇಲ್ಲಿ," ಅಂದ, ಎಡಗೈಯ ಅಂಗೈಯನ್ನು ತೋರಿಸಿ. "ಇಲ್ಲಿ ಒದೀತೈತಿ ಮಗಳ. ಮೀನು ಗಾಳ ಕಚ್ಚಿದಂಗ."

ಸಂಘಮಿತ್ರಾ ತಾನೂ ಅಂಗೈ ಇಟ್ಟು ನೋಡಿದಳು. ತಲೆಯಾಡಿಸಿದಳು. ಬೇಕಿದ್ದರೆ ಆಗ ಕಂಪ್ರೆಸರ್ ಆರಿಸಬಹುದಿತ್ತು. ಅವಳು ಆರಿಸಲಿಲ್ಲ. ಮೂರು ಗಾಡಿಯ ಎಣ್ಣೆ ಬೋಲ್ಟು ಅವನು ಬಿಗಿದು ಮುಗಿಸುವವರೆಗೆ ಅದು ಓಡುತ್ತಲೇ ಇತ್ತು.

ಚಹಾ ಕುಡಿಯುವಾಗ ಶೆಡ್ಡು ಸುಮ್ಮನಾಗಿತ್ತು. ಹೊನ್ನೂರಪ್ಪ ಲೋಟದೊಳಗೆ ನೋಡುತ್ತ, ಯಾರನ್ನೂ ಕುರಿತಲ್ಲ ಎಂಬಂತೆ, "ಮೊದ್ಲು ನಟ್ಟೇ ಹೇಳ್ತಿತ್ತು, ಸಾಕು ಬಿಡು ಅಂತ. ಕಿರ್ ಅಂತಿತ್ತು. ಈಗ ಎರಡು ಮೂರು ವರ್ಷ ಆತು, ಹೇಳವಲ್ದು," ಅಂದ. "ಹೇಳದೇ ಇದ್ರ, ಇನ್ನೊಂದೀಟು ಬಿಗಿಯೋದು. ಸಡ್ಲ ಬಿಟ್ರ ಜೀವ ಹೋಗ್ತಾವಲ್ಲ."

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಪಕೀರಮ್ಮ ಅವನ ಎದುರಿಗೆ ಬಂದು ಕುಕ್ಕರಗಾಲಿನಲ್ಲಿ ಕೂತಳು. ಅವನ ಕಣ್ಣಿಗೆ ತನ್ನ ಬಾಯಿ ಕಾಣುವಂತೆ ಮುಖ ಎತ್ತಿ ಕೇಳಿದಳು. "ಸೋಮವಾರಕ್ಕ ಬುತ್ತಿ ಕಟ್ಟಬೇಕೇನ್ರಿ?"

ಅವನು ಸಾಲಾಗಿ ನಿಂತ ಗಾಡಿಗಳ ಕಡೆ ಗದ್ದ ಎತ್ತಿದ. "ಇನ್ನೂ ಐದು ಉಳಿದಾವ," ಅಂದ.

ಸೋಮವಾರ ಬೆಳಗಿನ ಬಸ್ಸು ಮನೆಯ ಮುಂದೆ ಹಾದು ಹೋಯಿತು. ಆಗ ಅವನು ಕೊನೆಯ ಗಾಡಿಯ ಕೆಳಗೆ ಮಲಗಿದ್ದ. ಮಧ್ಯಾಹ್ನ ಗಂಗಾಂಬಿಕಾ ಬಂದಳು. ಈ ಸಲ ಅನುಮಾನ ಹೊತ್ತುಕೊಂಡೇ ಬಂದಿದ್ದಳು. ಸೀರೆ ಎತ್ತಿ ಹಿಡಿದು, ಬಗ್ಗಿ ಒಂದೊಂದೇ ಗಾಡಿಯ ಕೆಳಗೆ ಇಣುಕಿದಳು. ಪ್ರತಿ ಬೋಲ್ಟಿನ ಮೇಲೂ ಒಂದು ಹಳದಿ ಗೆರೆ. ಅದರ ಪಕ್ಕದಲ್ಲೇ ಅಂಟಿಕೊಂಡಂತೆ ಒಂದು ಸಣ್ಣ ನೀಲಿ ಗೆರೆ.

"ಇದೇನವ್ವಾ, ಗಾಡಿಗೆ ಅರಿಶಿಣ ಹಚ್ಚೀರಿ?"

"ಅದು ನಮ್ಮಪ್ಪನ ಸಹಿ ಅಕ್ಕಾರ," ಅಂದಳು ಸಂಘಮಿತ್ರಾ, ಎಲ್ಲರಿಗೂ ಕೇಳುವಂತೆ, ಅಪ್ಪನಿಗೂ ಕೇಳುವಷ್ಟು ಜೋರಾಗಿ. "ನೀಲಿ ನಂದು. ಅಪ್ಪ ಬಿಗೀತಾನ, ನಾನು ನೋಡ್ತೀನಿ. ಇನ್ನ ಮ್ಯಾಲೆ ಒಂದು ಹನಿ ಎಣ್ಣಿ ಬಿದ್ರೂ ನಮ್ಮಿಬ್ಬರನ್ನೂ ಹಿಡ್ಕೊಂಡು ಬೈರಿ."

ರಜೆ ಬಂತು. ರಸ್ತೆಯ ಮೇಲೆ ಹಂಪಿಯ ಕಡೆಗೆ ಜನವೋ ಜನ. ಗಂಗಾಂಬಿಕಾಳ ಗಾಡಿಗಳು ದಿನಕ್ಕೆ ನಾಲ್ಕು ಸಲ ಮನೆಯ ಮುಂದೆ ಹಾದು ಹೋದವು. ಯಾವುದೂ ತಳ್ಳಿಸಿಕೊಂಡು ವಾಪಸ್ ಬರಲಿಲ್ಲ. ವಿಜಯಕುಮಾರ್ ಒಂದೆರಡು ಸಲ ಅಪ್ಪನನ್ನು ಹಿಂದಿನಿಂದ ಕರೆದು, ಉತ್ತರ ಬರದೆ, ರೇಗದೆ, ಸುತ್ತಿ ಬಂದು ಎದುರಿಗೆ ನಿಂತು ಮಾತಾಡಿದ. ಅವನಿಗೆ ಯಾರು ಹೇಳಿದರೆಂದು ಪಕೀರಮ್ಮ ಕೇಳಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಬಡಿಸಲು ಅವಳು ಗೂಡಿನಿಂದ ಉಪ್ಪಿನಕಾಯಿ ಬಾಟಲಿ ತೆಗೆದಳು. ಹಿಂದಿನ ದಿನ ಮುಚ್ಚಿದವನು ಹೊನ್ನೂರಪ್ಪ. ರೂಢಿಯಂತೆ ಸೆರಗು ಸುತ್ತಿ, ಹಲ್ಲು ಕಚ್ಚಿ ತಿರುವಿದಳು. ಮುಚ್ಚಳ ಸುಮ್ಮನೆ ಬಂದುಬಿಟ್ಟಿತು. ಆ ರಭಸಕ್ಕೆ ಕೈಮೇಲೆ ಎಣ್ಣೆ ತುಳುಕಿತು. ಅಷ್ಟು ಸುಲಭವಾಗಿ ಬಂದದ್ದಕ್ಕೆ ಒಂದು ಗಳಿಗೆ ಅವಳಿಗೆ ಏನೋ ಕಳೆದುಕೊಂಡಂತೆ ಆಯಿತು.

ಆಮೇಲೆ ಕಂಡಿತು. ಮುಚ್ಚಳದ ಅಂಚಿನಿಂದ ಗಾಜಿನ ಮೇಲೆ ಇಳಿಯುವಂತೆ ಒಂದು ಸಣ್ಣ ಹಳದಿ ಗೆರೆ. ಮುಚ್ಚಳ ಕೂಡಿಸಿ ತಿರುವಿದಳು. ಗೆರೆಯ ಎರಡು ತುಂಡು ಒಂದಾದಲ್ಲಿ ಕೈ ನಿಲ್ಲಿಸಿದಳು. ಬಾಟಲಿ ಅಲುಗಾಡಿಸಿದಳು. ಒಂದು ಹನಿಯೂ ಸೋರಲಿಲ್ಲ. ಗೂಡಿನ ಒಳಗೆ ಬಗ್ಗಿ ನೋಡಿದಳು. ಎಣ್ಣೆ ಸೀಸೆಗೂ ಒಂದು ಗೆರೆ. ಸಕ್ಕರೆ ಡಬ್ಬಿಗೂ ಒಂದು.

ಅಂಗಳದಾಚೆ ಶೆಡ್ಡಿನಲ್ಲಿ ಅವನು ಅವಳಿಗೆ ಬೆನ್ನು ಮಾಡಿ, ಒಂದೊಂದೇ ಪಾನಾ ಒರೆಸಿ ಹಲಗೆಯ ನೀಲಿ ಗೆರೆಯೊಳಗೆ ತೂಗುಹಾಕುತ್ತಿದ್ದ. ಪಕೀರಮ್ಮ ಬಾಗಿಲಿಗೆ ಬಂದು ನಿಂತು, "ಹೊನ್ನೂರಪ್ಪಾ," ಅಂದಳು, ತನ್ನಷ್ಟಕ್ಕೆ, ನಗುತ್ತ. ಅವನು ತಿರುಗಲಿಲ್ಲ. ಅವಳು ಅಂಗಳಕ್ಕೆ ಇಳಿದು, ಸುತ್ತಿ ಬಂದು ಅವನ ಎದುರಿಗೆ ನಿಂತು, "ಊಟಕ್ಕ ಬರ್ರಿ," ಅಂದಳು.